ಪಗಡಿ, ಗಡ್ಡ ಮತ್ತು ‘ಸ್ವಲ್ಪ ಹೊಂದಿಕೊಳ್ಳಿ’ ಎನ್ನುವ ಆಫೀಸು

ಹಲಸೂರು ಸರ್ದಾರ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ದೇಶವಿಭಜನೆಯ ನಂತರ ಅಜ್ಜ ಇಲ್ಲಿಗೆ ಬಂದು ಅಂಗಡಿ ಇಟ್ಟರು. ಮನೆಯಲ್ಲಿ ಪಂಜಾಬಿ, ಬೀದಿಯಲ್ಲಿ ಕನ್ನಡ, ಭಾನುವಾರ ಹಲಸೂರು ಕೆರೆ ದಡದ ಗುರುದ್ವಾರ. ಈಗ ಕೆನಡಾದ ಒಂಟಾರಿಯೊದಲ್ಲಿ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಪ್ರೋಸೆಸ್ ಇಂಜಿನಿಯರ್ ಆಗಿದ್ದೇನೆ. ನಾನು ಸಿಖ್ಖ. ಅಮೃತ, ಅಂದರೆ ಸಿಖ್ ದೀಕ್ಷೆ, ಸ್ವೀಕರಿಸಿಲ್ಲ, ಆದರೆ ಕೇಸಧಾರಿ. ಕೂದಲಿಗಾಗಲಿ ಗಡ್ಡಕ್ಕಾಗಲಿ ಇದುವರೆಗೆ ಕತ್ತರಿ ತಾಗಿಸಿಲ್ಲ.

ಎರಡು ವಿಷಯ ಒಟ್ಟಿಗೆ ತಲೆಗೆ ಬಂದಿವೆ. ಒಂದು, ಕಾರ್ಖಾನೆಯ ಒಂದು ವಿಭಾಗಕ್ಕೆ ಹೋಗಬೇಕಾದರೆ ಮುಖಕ್ಕೆ ಬಿಗಿಯಾಗಿ ಕೂರುವ ರೆಸ್ಪಿರೇಟರ್ (ಗಾಳಿ ಶೋಧಿಸುವ ಮಾಸ್ಕ್) ಹಾಕಬೇಕು. ಅಂಚಿನಲ್ಲಿ ಗಾಳಿ ಸೋರುತ್ತದೆಯೇ ಎಂದು ನೋಡುವ ಅದರ ಫಿಟ್ ಟೆಸ್ಟ್‌ಗೆ ಕೆನ್ನೆ, ಗಲ್ಲ ನುಣ್ಣಗಿರಬೇಕು. ಇಷ್ಟು ದಿನ ಆ ಪಾಳಿಗೆ ಬೇರೆಯವರು ಹೋಗುತ್ತಿದ್ದರು. ಈಗ ಬಡ್ತಿ ಬರುವ ಹೊತ್ತು, ಎಲ್ಲರಿಗೂ ಒಂದೇ ನಿಯಮ ಎನ್ನುತ್ತಿದ್ದಾರೆ. ಎರಡನೆಯದು ಇನ್ನೂ ಕಷ್ಟದ್ದು. ಬಡ್ತಿ ಸಿಕ್ಕರೆ ಗ್ರಾಹಕರ ಜೊತೆ ಓಡಾಡುವ ಕೆಲಸ. ನಮ್ಮ ಮ್ಯಾನೇಜರ್ ನನ್ನನ್ನು ಕಾಫಿಗೆ ಕರೆದುಕೊಂಡು ಹೋಗಿ, ‘ಗಡ್ಡ ಸ್ವಲ್ಪ ಟ್ರಿಮ್ ಮಾಡಿದರೆ ನಿನಗೇ ಒಳ್ಳೆಯದು, ಎದುರಿನವರಿಗೆ ಸಲೀಸಾಗುತ್ತದೆ’ ಎಂದರು. ಬೈದು ಹೇಳಿದ್ದರೆ ಉತ್ತರ ಕೊಡಬಹುದಿತ್ತು. ನನ್ನ ಮೇಲೆ ಪ್ರೀತಿ ಇರುವ ಮನುಷ್ಯ, ಪ್ರೀತಿಯಿಂದಲೇ ಹೇಳಿದರು.

ಬ್ರಾಂಪ್ಟನ್ ಪಕ್ಕದಲ್ಲೇ ಇದೆ, ಅಲ್ಲಿ ನಮ್ಮವರು ಬೇಕಾದಷ್ಟಿದ್ದಾರೆ. ಅವರನ್ನು ಕೇಳಿದರೆ ಒಬ್ಬರು ‘ಕೇಸ್ ಹಾಕು’ ಎನ್ನುತ್ತಾರೆ, ಇನ್ನೊಬ್ಬರು ‘ಎಲ್ಲರೂ ತೆಗೆಸಿಲ್ಲವೇ’ ಎನ್ನುತ್ತಾರೆ. ನನ್ನನ್ನು ಚಿಕ್ಕಂದಿನಿಂದ ನೋಡಿದವರು ಕನ್ನಡದವರು. ನೀವು ಏನು ಹೇಳುತ್ತೀರಿ?

ಮಲೆನಾಡು ಮೇಷ್ಟ್ರು

ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ಕಾಲಕ್ಕೆ ತಕ್ಕ ಕೋಲ ಎನ್ನುತ್ತಾರೆ ನಮ್ಮ ಕಡೆ. ನನ್ನ ತಂದೆ ಕಚ್ಚೆ ಉಟ್ಟು ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದರು, ನಾನು ಪ್ಯಾಂಟು ಹಾಕಿ ಹೋದೆ. ಜುಟ್ಟು ಹೋಯಿತು, ಭಕ್ತಿ ಹೋಗಲಿಲ್ಲ. ದೇವರು ಮನಸ್ಸಿನಲ್ಲಿದ್ದರೆ ಸಾಕು ಎಂದು ನಮ್ಮ ವಚನಕಾರರೂ ಹೇಳಿದ್ದಾರೆ, ನಿಮ್ಮ ಗುರುಗಳೂ ಆಡಂಬರವನ್ನು ಒಪ್ಪಿದವರಲ್ಲ. ಮೈಸೂರು ಪೇಟ ಸನ್ಮಾನದ ದಿನ ತೊಡುತ್ತೇವೆ, ಮನೆಗೆ ಬಂದು ತೆಗೆದಿಡುತ್ತೇವೆ. ಕೆಲಸದಲ್ಲಿ ಕೆಲಸದ ವೇಷ, ಗುರುದ್ವಾರದಲ್ಲಿ ಗುರುದ್ವಾರದ ವೇಷ ಎಂದುಕೊಳ್ಳಲು ಆಗುವುದಿಲ್ಲವೇ? ಹೆಂಡತಿ ಮಕ್ಕಳ ಭವಿಷ್ಯದ ಪ್ರಶ್ನೆಯಿದು. ಕಾಳಜಿಯಿಂದ ಕೇಳುತ್ತಿದ್ದೇನೆ.

ಹಲಸೂರು ಸರ್ದಾರ

ಮೇಷ್ಟ್ರೇ, ಬೇಸರವಿಲ್ಲ. ನೀವು ಕೇಳಿದ್ದನ್ನು ನಾನೂ ನನ್ನನ್ನೇ ಕೇಳಿಕೊಂಡಿದ್ದೇನೆ. ಪೇಟ ಒಂದು ದಿನದ ಗೌರವ, ಅದನ್ನು ತೆಗೆದಿಟ್ಟರೆ ನೀವು ನೀವಾಗಿಯೇ ಇರುತ್ತೀರಿ. ದಸ್ತಾರ್‌ನ, ಅಂದರೆ ಪಗಡಿಯ, ಕೆಳಗೆ ಹುಟ್ಟಿದಾಗಿನಿಂದ ಬೆಳೆದ ಕೇಶವಿದೆ. ಸಂಜೆ ಗುರುದ್ವಾರಕ್ಕೆ ಹೋಗುವಾಗ ಮತ್ತೆ ಅಂಟಿಸಿಕೊಳ್ಳಲು ಬರುವುದಿಲ್ಲ. ಪ್ರತಿ ಬೆಳಿಗ್ಗೆ ಕೂದಲನ್ನು ಜೂಡಾ (ನೆತ್ತಿಯ ಮೇಲಿನ ಗಂಟು) ಕಟ್ಟಿ, ಬಟ್ಟೆಯ ಒಂದು ತುದಿಯನ್ನು ಹೆಂಡತಿ ಹಿಡಿದುಕೊಂಡು ಪೂಣಿ ಮಾಡಿ, ಅಂದರೆ ಉದ್ದಕ್ಕೆ ಮಡಚಿ, ಸುತ್ತಿ, ಸಲಾಯಿ ಎಂಬ ಸಣ್ಣ ಕಡ್ಡಿಯಿಂದ ಕಿವಿಯ ಮೇಲಿನ ಕೂದಲನ್ನು ಒಳಕ್ಕೆ ಸೇರಿಸುವ ಆ ಹೊತ್ತು ನನಗೆ ಪ್ರಾರ್ಥನೆಯ ಭಾಗ.

ಆಡಂಬರದ ಬಗ್ಗೆ ನೀವು ಹೇಳಿದ್ದು ನಿಜ, ಗುರು ನಾನಕರು ಒಳಗಿಲ್ಲದ ಹೊರವೇಷವನ್ನು ಒಪ್ಪಲಿಲ್ಲ. ಆದರೆ 1699ರ ಬೈಸಾಖಿಯಂದು ಆನಂದಪುರದಲ್ಲಿ ಹತ್ತನೆಯ ಗುರು ಗೋಬಿಂದ ಸಿಂಗರು ದೀಕ್ಷೆ ಪಡೆದ ಸಿಖ್ಖರ ಬಳಗವಾದ ಖಾಲ್ಸಾ ಕಟ್ಟಿದರು. ಕೇಶ, ಕಂಘಾ (ಬಾಚಣಿಗೆ), ಕಡಾ (ಕೈಬಳೆ), ಕಛೇರಾ (ಒಳಚಡ್ಡಿ), ಕಿರ್ಪಾನ್ (ಕಿರುಗತ್ತಿ) ತೊಟ್ಟ ಸಿಖ್ಖನು ಸಾವಿರ ಜನರ ನಡುವೆ ನಿಂತರೂ ಅಡಗಿಕೊಳ್ಳಲು ಆಗುವುದಿಲ್ಲ. ಯಾರಿಗಾದರೂ ಅನ್ಯಾಯವಾದರೆ ‘ಅಲ್ಲೊಬ್ಬ ಸಿಖ್ಖನಿದ್ದಾನೆ’ ಎಂದು ದೂರದಿಂದಲೇ ಗೊತ್ತಾಗಬೇಕು ಎಂದೇ ನಮಗೆ ಹೇಳಿಕೊಟ್ಟಿದ್ದಾರೆ. ಎದ್ದು ಕಾಣದಿರುವಂತೆ ಮಾಡು ಎಂದರೆ ಅದರ ಉದ್ದೇಶವನ್ನೇ ಬಿಡು ಎಂದಂತಾಗುತ್ತದೆ.

ಮಿಸಿಸಾಗಾ ಕನ್ನಡತಿ

ಸರ್ದಾರ್ ಅವರೇ, ನಾನು ಒಂಟಾರಿಯೊದಲ್ಲೇ ಎಚ್‌ಆರ್ ಕೆಲಸ ಮಾಡಿದವಳು. ಮೊದಲು ನಿಮ್ಮ ಎರಡು ಗಂಟುಗಳನ್ನು ಬೇರೆ ಬೇರೆ ಮಾಡಿ. ಮಾಸ್ಕಿನದು ಸುರಕ್ಷತೆಯ ಪ್ರಶ್ನೆ, ಗ್ರಾಹಕರದು ನೋಟದ ಪ್ರಶ್ನೆ. ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಬಿಟ್ಟರೆ ಸುರಕ್ಷತೆಯ ಹೆಸರಿನಲ್ಲಿ ನೋಟದ ಒತ್ತಾಯವೂ ನುಸುಳಿಬಿಡುತ್ತದೆ. ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನೋಟದ ವಿಷಯ ಸುಲಭ. ಒಂಟಾರಿಯೊ ಮಾನವ ಹಕ್ಕುಗಳ ಸಂಹಿತೆಯಲ್ಲಿ ಧರ್ಮಶ್ರದ್ಧೆಯ ಆಧಾರದ ಮೇಲೆ ಕೆಲಸದಲ್ಲಿ ಭೇದ ಮಾಡುವಂತಿಲ್ಲ. ಶ್ರದ್ಧೆಗೆ ಅವಕಾಶ ಮಾಡಿಕೊಡುವುದು ಮಾಲೀಕನ ಕರ್ತವ್ಯ. ‘ತೀರಾ ಹೊರೆಯಾಗುತ್ತದೆ’ ಎಂದು ಅವನು ತೋರಿಸಬೇಕಾದರೆ ಇಲ್ಲಿ ನೋಡುವುದು ಮೂರೇ: ಖರ್ಚು, ಹೊರಗಿನಿಂದ ಸಿಗಬಹುದಾದ ಹಣಸಹಾಯ, ಆರೋಗ್ಯ ಮತ್ತು ಸುರಕ್ಷತೆ. ಗ್ರಾಹಕನಿಗೆ ಮುಜುಗರವಾಗುತ್ತದೆ ಎಂಬುದು ಆ ಪಟ್ಟಿಯಲ್ಲೇ ಇಲ್ಲ. ನಿಮ್ಮ ಮ್ಯಾನೇಜರ್ ಒಳ್ಳೆಯವರೇ ಇರಬಹುದು. ಆದರೆ ಅವರು ಹೇಳಿದ ಮಾತನ್ನು ಯಾವ ಕಂಪನಿಯೂ ಕಾಗದದ ಮೇಲೆ ಬರೆದುಕೊಡುವುದಿಲ್ಲ.

ಸುರಕ್ಷತೆಯ ವಿಷಯ ಹಾಗಲ್ಲ. ಅಲ್ಲಿ ನಮ್ಮವರು ಗೆದ್ದದ್ದೂ ಇದೆ, ಸೋತದ್ದೂ ಇದೆ. ಭಿಂದರ್ ಎಂಬ ಎಲೆಕ್ಟ್ರಿಷಿಯನ್ ಟೊರಾಂಟೊದ ರೈಲ್ವೆ ಯಾರ್ಡಿನಲ್ಲಿ ಪಗಡಿಯ ಬದಲು ಹಾರ್ಡ್ ಹ್ಯಾಟ್ ಹಾಕಲು ಒಪ್ಪದೆ ಕೆಲಸ ಕಳೆದುಕೊಂಡರು, 1985ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ರೈಲ್ವೆಯ ಪರ ನಿಂತಿತು. ಐದು ವರ್ಷದಲ್ಲಿ ಅದೇ ಕೋರ್ಟ್ ಬೇರೊಂದು ಮೊಕದ್ದಮೆಯಲ್ಲಿ ಆ ತರ್ಕವನ್ನು ಕೈಬಿಟ್ಟಿತು. ಹಾಗೆಂದು ಈಗ ಎಲ್ಲವೂ ಸಲೀಸು ಎಂದುಕೊಳ್ಳಬೇಡಿ. ಮಾಂಟ್ರಿಯಲ್ ಬಂದರಿನ ಟರ್ಮಿನಲ್‌ಗಳಿಗೆ ಹೋಗುವ ಸಿಖ್ ಲಾರಿ ಚಾಲಕರು ಹೆಲ್ಮೆಟ್ ಹಾಕಲೇಬೇಕು ಎಂದು ಕ್ವಿಬೆಕ್‌ನ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಹೇಳಿದೆ. ಅದೇ ವರ್ಷ ಆ ಪ್ರಾಂತ್ಯ, ಶಿಕ್ಷಕರು, ಪೊಲೀಸರು, ಸರ್ಕಾರಿ ವಕೀಲರು ಕೆಲಸದ ವೇಳೆ ಧಾರ್ಮಿಕ ಚಿಹ್ನೆ ಧರಿಸಬಾರದೆಂದು ಕಾನೂನೇ ಮಾಡಿತು.

ನಿಮ್ಮ ರೆಸ್ಪಿರೇಟರ್‌ಗೆ ಪರಿಹಾರ ಇದೆ. ಬ್ಯಾಟರಿ, ಫ್ಯಾನ್ ಇರುವ ಹುಡ್ ಮಾದರಿಯದು ಸಿಗುತ್ತದೆ, ಪಿಎಪಿಆರ್ ಎನ್ನುತ್ತಾರೆ. ಶೋಧಿಸಿದ ಗಾಳಿಯನ್ನು ಅದೇ ಒಳಕ್ಕೆ ತಳ್ಳುವುದರಿಂದ ಮುಖದ ಚರ್ಮಕ್ಕೆ ಬಿಗಿಯಾಗಿ ಅಂಟಬೇಕಿಲ್ಲ, ಗಡ್ಡ ಅಡ್ಡಿಯಲ್ಲ, ಫಿಟ್ ಟೆಸ್ಟೂ ಬೇಡ. ಬೆಲೆ ಮಾಮೂಲಿ ಮಾಸ್ಕಿಗಿಂತ ಬಹಳ ಹೆಚ್ಚು, ಆದರೆ ಒಂದು ರಾಸಾಯನಿಕ ಕಾರ್ಖಾನೆಗೆ ಅದು ಹೊರೆಯೇ ಅಲ್ಲ. ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು: ಆಮ್ಲಜನಕ ಕಡಿಮೆ ಇರುವ ತೊಟ್ಟಿಯೊಳಗೆ ಇಳಿಯುವುದು, ಸೋರಿಕೆಯಾದಾಗ ರಕ್ಷಣೆಗೆ ನುಗ್ಗುವುದು ಇಂಥದಕ್ಕೆ ಹುಡ್ ಸಾಲದು. ನಿಮ್ಮ ಹೊಸ ಹುದ್ದೆಯಲ್ಲಿ ಅಂಥ ಕೆಲಸ ನಿಜವಾಗಿ ಎಷ್ಟಿದೆ ಎಂದು ಕೇಳಿ. ಪತ್ರದಲ್ಲಿ ಕೇಳಿ, ಕಾಫಿ ಕುಡಿಯುತ್ತಾ ಅಲ್ಲ.

ಬೀದರ್ ಕಡಿ ಮಂದಿ

ಅಣ್ಣಾ, ನಾ ಬೀದರದಾಂವ, ಸಿಖ್ಖ ಅಲ್ಲ. ಆದ್ರ ನಮ್ಮೂರ ಗುರುದ್ವಾರದ ಚಿಲುಮಿ ನಾನಕ ಝಿರಾದ ನೀರು ಕುಡದು ಬೆಳದಾಂವ. ಮೇಷ್ಟ್ರ ಮಾತಿಗೆ ಒಂದ್ ಮಾತ್ ಹೇಳಬೇಕು ಅನಸ್ತದ. ಆನಂದಪುರದಾಗ ಗುರುಗಳು ಕತ್ತಿ ಹಿಡದು ‘ತಲಿ ಕೊಡೋರು ಯಾರು’ ಅಂತ ಕೇಳಿದಾಗ ಎದ್ದು ನಿಂತ ಐದು ಮಂದ್ಯಾಗ ಒಬ್ರು, ಭಾಯಿ ಸಾಹಿಬ್ ಸಿಂಗ್, ನಮ್ಮ ಬೀದರದವ್ರು. ಕ್ಷೌರಿಕ ಮನೆತನದಾಗ ಹುಟ್ಟಿದವ್ರು ಅಂತ ಹೇಳ್ತಾರ. ಪೀಳಿಗಿಯಿಂದ ಕತ್ರಿ ಹಿಡದ ಮನಿಯಾಂವ ಕೇಶ ಬಿಟ್ಟು ಸಿಂಗ್ ಆದಾ ಅಂದ್ರ ಅದೇನ್ ಸಣ್ಣ ಮಾತಲ್ರಿ. ಊರಾಗಿನ ಮಂದಿ ಏನಂದಿರಬೇಕು ಅವ್ರಿಗೆ!

ನಮ್ಮ ಕಡಿ ಪಗಡಿ ಕಂಡ್ರ ಯಾರೂ ತಿರುಗಿ ನೋಡಂಗಿಲ್ಲ. ಗುರುದ್ವಾರದ ಲಂಗರದಾಗ ಎಲ್ಲಾ ಜಾತಿ ಮಂದಿ ಕುಂತು ಉಣ್ತಾರ, ಇಂಜಿನಿಯರಿಂಗ್ ಕಾಲೇಜದಾಗ ಪಂಜಾಬದ ಹುಡುಗರು ಓದ್ಯಾರ. ಆದ್ರ ಸುಳ್ಳು ಹೇಳಬಾರದು, 1988ರಾಗ ಇದೇ ಊರಾಗ ಸಿಖ್ ವಿದ್ಯಾರ್ಥಿಗಳ ಮ್ಯಾಲ ದಾಳಿ ಆಗಿ ಜೀವಾನೂ ಹೋದ್ವು. ಗುರ್ತು ಸಿಗ್ತದ ಅನ್ನೋದಕ್ಕೇ ಹುಡುಕಿ ಹುಡುಕಿ ಹೊಡದ್ರು. ಹಿರ್ಯಾರು ಇವತ್ತಿಗೂ ಅದನ್ನ ನೆನಸಿ ತಲಿ ತಗ್ಗಸ್ತಾರ. ಅಂಥಾದ್ದು ಆದ ಮ್ಯಾಲೂ ಪಗಡಿ ಬಿಡದ ಮಂದಿ ಅದಾರಲ್ಲ, ಅವ್ರ ಮುಂದ ಒಂದು ಬಡ್ತಿಗಾಗಿ ಗಡ್ಡ ತಗೀ ಅಂತ ನಾ ಅಂತೂ ಹೇಳಂಗಿಲ್ಲ. ನಿಮ್ಮ ಮನಸು ಏನ್ ಹೇಳ್ತದೋ ಅದನ್ನ ಮಾಡ್ರಿ.

ಬರ್ಮಿಂಗ್‌ಹ್ಯಾಮ್ ಡಾಕ್ಟ್ರು

ನಾನು ದಾವಣಗೆರೆಯವನು, ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ. ಮಾಸ್ಕ್ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ.

2020ರಲ್ಲಿ ಕೋವಿಡ್ ಬಂದಾಗ ನಮ್ಮಲ್ಲಿ ಎಫ್‌ಎಫ್‌ಪಿ3 ಎಂಬ ಬಿಗಿ ಮಾಸ್ಕಿಗೆ ಫಿಟ್ ಟೆಸ್ಟ್ ಕಡ್ಡಾಯವಾಯಿತು. ಗಡ್ಡವಿದ್ದ ಸಿಖ್ ಸಹೋದ್ಯೋಗಿಗಳು ಒಂದೇ ವಾರದಲ್ಲಿ ಇಕ್ಕಟ್ಟಿಗೆ ಸಿಕ್ಕರು. ಕೆಲವರನ್ನು ವಾರ್ಡಿನಿಂದ ಫೋನ್ ಕೆಲಸಕ್ಕೆ ಹಾಕಿದರು, ಅದು ಅವರಿಗೆ ನೋವು ಕೊಟ್ಟಿತು, ಏಕೆಂದರೆ ಸೇವೆಯೂ ಅವರ ಧರ್ಮವೇ. ಮಾಂಟ್ರಿಯಲ್‌ನ ಇಬ್ಬರು ಸಿಖ್ ವೈದ್ಯ ಸಹೋದರರು ರೋಗಿಗಳಿಗಾಗಿ ಗಡ್ಡ ತೆಗೆದದ್ದನ್ನು ಬಹಿರಂಗವಾಗಿಯೇ ಹೇಳಿದರು. ಎಷ್ಟು ಯೋಚಿಸಿ, ಎಷ್ಟು ಸಂಕಟಪಟ್ಟು ತೆಗೆದಿರಬೇಕು! ಅವರನ್ನು ಕೀಳಾಗಿ ಕಂಡವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆದರೆ ಇಲ್ಲಿನ ಸಿಖ್ ದಂತವೈದ್ಯರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಗಡ್ಡವನ್ನು ಮಡಚಿ ಕಟ್ಟುವ ಠಾಠಾ ಎಂಬ ಬಟ್ಟೆ ಅವರಲ್ಲಿ ತಲೆತಲಾಂತರದಿಂದ ಇದೆ. ಬಟ್ಟೆಯ ಬದಲು ವ್ಯಾಯಾಮಕ್ಕೆ ಬಳಸುವ ಅಗಲವಾದ ರಬ್ಬರ್ ಪಟ್ಟಿಯನ್ನು ಗಲ್ಲದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದರೆ ಗಡ್ಡದ ಮೇಲೆ ನುಣುಪಾದ ಮೈ ಸಿಗುತ್ತದೆ, ಅದರ ಮೇಲೆ ಮಾಸ್ಕ್ ಕೂರುತ್ತದೆ. ಪರೀಕ್ಷೆ ಮಾಡಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ‘ಸಿಂಗ್ ಠಾಠಾ’ ಎಂದೇ ಅದಕ್ಕೆ ಹೆಸರು. ನಿಮ್ಮ ಕಾರ್ಖಾನೆಯ ಸುರಕ್ಷತಾ ವಿಭಾಗ ಇದನ್ನು ಒಪ್ಪುತ್ತದೋ ಇಲ್ಲವೋ ಅವರೇ ತೀರ್ಮಾನಿಸಬೇಕು, ರಾಸಾಯನಿಕ ಬೇರೆ, ವೈರಾಣು ಬೇರೆ. ನಾನು ಹೇಳುತ್ತಿರುವುದು ಇಷ್ಟೇ: ‘ಆಗುವುದಿಲ್ಲ’ ಎಂಬ ಉತ್ತರ ಬಂದಾಗ ಯಾರಾದರೂ ನಿಜವಾಗಿ ಪ್ರಯತ್ನಿಸಿ ನೋಡಿದ್ದಾರೆಯೇ ಎಂದು ಕೇಳಿ. ಕಡಾ ವಿಷಯದಲ್ಲೂ ಹೀಗೇ ಆಗಿತ್ತು. ಮೊಣಕೈ ಕೆಳಗೆ ಏನೂ ಇರಬಾರದು ಎಂಬ ನಿಯಮ ಬಂತು, ಕೈ ತೊಳೆಯುವಾಗ ಕಡಾವನ್ನು ಮೇಲಕ್ಕೆ ಸರಿಸಿ ಭದ್ರಪಡಿಸಿದರೆ ಸಾಕು ಎಂದು 2010ರಲ್ಲಿ ಆರೋಗ್ಯ ಇಲಾಖೆಯೇ ತಿಳಿಸಿತು.

ನಾನಿರುವ ಊರಿನ ಪಕ್ಕದ ವೂಲ್ವರ್‌ಹ್ಯಾಂಪ್ಟನ್‌ನಲ್ಲಿ 1967ರಲ್ಲಿ ತರ್ಸೇಮ್ ಸಿಂಗ್ ಸಂಧು ಎಂಬ ಬಸ್ ಚಾಲಕರನ್ನು ಪಗಡಿ, ಗಡ್ಡದಲ್ಲಿ ಕೆಲಸಕ್ಕೆ ಬಂದದ್ದಕ್ಕೆ ಮನೆಗೆ ಕಳಿಸಿದ್ದರು. 1969ರ ಏಪ್ರಿಲ್‌ನಲ್ಲಿ ಆ ನಿಷೇಧ ತೆರವಾಗುವ ಹೊತ್ತಿಗೆ ಸೋಹನ್ ಸಿಂಗ್ ಜಾಲಿ ಎಂಬ ಹಿರಿಯರು ಮೈಗೆ ಬೆಂಕಿ ಹಚ್ಚಿಕೊಳ್ಳುತ್ತೇನೆಂದು ಗಡುವು ಕೊಡುವ ತನಕ ಹೋಗಿತ್ತು. ಇಂದು ಇಲ್ಲಿ ಬಸ್ ಹತ್ತಿದರೆ ಪಗಡಿಯ ಚಾಲಕರನ್ನು ಯಾರೂ ಗಮನಿಸುವುದೂ ಇಲ್ಲ. 2015ರಿಂದ ಬಹುತೇಕ ಎಲ್ಲ ಕೆಲಸದ ಜಾಗಗಳಲ್ಲೂ ಪಗಡಿ ತೊಟ್ಟ ಸಿಖ್ಖರಿಗೆ ಹೆಲ್ಮೆಟ್‌ನಿಂದ ವಿನಾಯಿತಿ ಇದೆ. ಅಪಾಯದ ಹೊಣೆಯಲ್ಲಿ ಅವರ ಪಾಲೂ ಇರುತ್ತದೆ, ಅದನ್ನು ಅವರು ತಿಳಿದೇ ಒಪ್ಪುತ್ತಾರೆ.

ಹುಬ್ಬಳ್ಳಿ ಸಿಂಗ್, ನ್ಯೂಜೆರ್ಸಿ

ವೀರ್‌ಜೀ, ನಾನು ಕೇಶ ತೆಗೆಸಿದವನು. ಆ ಕಡೆಯ ಮಾತೂ ಯಾರಾದರೂ ಹೇಳಬೇಕಲ್ಲ.

2001ರ ಸೆಪ್ಟೆಂಬರ್ 11ರ ದಾಳಿಯಾದ ನಾಲ್ಕೇ ದಿನಕ್ಕೆ ಅರಿಜೋನಾದ ಮೇಸಾದಲ್ಲಿ ಬಲ್ಬೀರ್ ಸಿಂಗ್ ಸೋಧಿ ಅವರನ್ನು ಅವರ ಪೆಟ್ರೋಲ್ ಬಂಕಿನ ಮುಂದೆಯೇ ಗುಂಡಿಟ್ಟು ಕೊಂದರು. ಪಗಡಿ, ಗಡ್ಡ ಕಂಡದ್ದೇ ಕಾರಣ. ಆಗ ನಾನು ಅಮೆರಿಕಕ್ಕೆ ಹೊಸಬ, ಹೆಂಡತಿ ಬಸುರಿ. ಹುಬ್ಬಳ್ಳಿಯಿಂದ ಅಮ್ಮ ಫೋನ್ ಮಾಡಿ ‘ತೆಗೆಸಿಬಿಡು ಪುತ್ತರ್, ವಾಹೆಗುರು ನೋಡಿಕೊಳ್ಳುತ್ತಾನೆ’ ಎಂದು ಅತ್ತರು. ತೆಗೆಸಿದೆ. ಅದಕ್ಕೆ ಯಾರ ಕ್ಷಮೆಯೂ ನನಗೆ ಬೇಕಿಲ್ಲ. ನನ್ನ ಹಾಗೆ ತೆಗೆಸಿದವರು ಸಾವಿರಾರು, ಅವರೂ ಸಂಗತ್‌ನ, ನಮ್ಮ ಸಿಖ್ ಸಮುದಾಯದ, ಭಾಗವೇ.

ಆದರೆ ಆಫೀಸಿನಲ್ಲಿ ಅದರಿಂದ ಏನು ಸಿಕ್ಕಿತು ಎಂಬುದನ್ನು ನಿಮಗೆ ಹೇಳಲೇಬೇಕು. ಬೀದಿಯಲ್ಲಿ ಭಯ ಕಡಿಮೆಯಾಯಿತು, ಅದು ನಿಜ. ಕೆಲಸದಲ್ಲಿ ಮಾತ್ರ ‘ಸ್ವಲ್ಪ ಹೊಂದಿಕೋ’ ಎನ್ನುವುದು ನಿಲ್ಲಲೇ ಇಲ್ಲ. ಮೊದಲು ಗಡ್ಡ ಎಂದರು, ಆಮೇಲೆ ಹೆಸರು ಉದ್ದವಾಯಿತು, ಚುಟುಕು ಮಾಡು ಎಂದರು. ಆಮೇಲೆ ಉಚ್ಚಾರಣೆ, ಆಮೇಲೆ ಸಂಜೆ ಕುಡಿಯಲು ಬಾರ್‌ಗೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆ. ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ಒಂದೊಂದು ಸಣ್ಣ ಸಲಹೆ ಕೊಟ್ಟರು. ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಕೊನೆಗೂ ನಾನೇ ತೀರ್ಮಾನಿಸಬೇಕಾಯಿತು. ಗಡ್ಡ ತೆಗೆದರೆ ಆ ತೀರ್ಮಾನದಿಂದ ತಪ್ಪಿಸಿಕೊಳ್ಳಬಹುದು ಎಂದು ಮಾತ್ರ ಅಂದುಕೊಳ್ಳಬೇಡಿ.

ಇಲ್ಲಿಯ ಕಥೆ ಇನ್ನೊಂದಿದೆ. ನ್ಯೂಯಾರ್ಕ್ ಸಬ್‌ವೇಯ ಸಿಖ್ ಚಾಲಕ ಕೆವಿನ್ ಹ್ಯಾರಿಂಗ್ಟನ್ ದಾಳಿಯ ದಿನ ತುಂಬಿದ ರೈಲನ್ನು ಹಿಂದಕ್ಕೆ ಓಡಿಸಿ ಪ್ರಯಾಣಿಕರನ್ನು ಉಳಿಸಿದವರು. ಅದೇ ಸಂಸ್ಥೆ ಆಮೇಲೆ ಪಗಡಿಗೆ ಸಂಸ್ಥೆಯ ಲಾಂಛನ ಹಚ್ಚು, ಇಲ್ಲವೇ ಜನರ ಕಣ್ಣಿಗೆ ಬೀಳದ ಯಾರ್ಡಿನಲ್ಲಿ ಕೆಲಸ ಮಾಡು ಎಂದಿತು. ಕೋರ್ಟಿನಲ್ಲಿ ಅದು ಇತ್ಯರ್ಥವಾದದ್ದು 2012ರಲ್ಲಿ. ಅದೇ ವರ್ಷ ಕ್ಯಾಲಿಫೋರ್ನಿಯಾ ಸ್ಪಷ್ಟ ಕಾನೂನು ಮಾಡಿತು: ನೌಕರನನ್ನು ಗ್ರಾಹಕರ ಕಣ್ಣಿನಿಂದ ಮರೆಯಲ್ಲಿಡುವುದು ಅವಕಾಶ ಮಾಡಿಕೊಟ್ಟಂತಲ್ಲ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಚಿಲ್ಲರೆ ಖರ್ಚಿನ ನೆಪ ಹೇಳಿ ಧಾರ್ಮಿಕ ಅವಕಾಶ ನಿರಾಕರಿಸುವಂತಿಲ್ಲ ಎಂದಿತು.

ಜಾಲಹಳ್ಳಿ ಕೌರ್

ಎಲ್ಲರೂ ಗಡ್ಡದ ಬಗ್ಗೆಯೇ ಮಾತಾಡುತ್ತಿದ್ದೀರಿ. ಅಮೃತ ಸ್ವೀಕರಿಸಿದ ಹೆಣ್ಣುಮಕ್ಕಳ ಮಾತನ್ನೂ ಕೇಳಿ.

ನಾನು ಬೆಂಗಳೂರಿನಲ್ಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಪ್ಪ ಏರ್‌ಫೋರ್ಸ್‌ನಲ್ಲಿದ್ದರು. ಅವರ ಪಗಡಿಗೆ ಸಮವಸ್ತ್ರದಲ್ಲೇ ಜಾಗವಿತ್ತು, ಯಾರೂ ಪ್ರಶ್ನೆ ಕೇಳಲಿಲ್ಲ. ನಾನು ದಸ್ತಾರ್ ಕಟ್ಟಿಕೊಂಡು ಸಂದರ್ಶನಕ್ಕೆ ಹೋದರೆ ‘ಹೆಣ್ಣುಮಕ್ಕಳು ಕಟ್ಟಲೇಬೇಕಾ?’ ಎಂದು ಕೇಳುತ್ತಾರೆ. ಕೇಶಕ್ಕೆ ಕತ್ತರಿ ಹಾಕುವುದಿಲ್ಲ ಎಂದರೆ ಹುಬ್ಬು ತಿದ್ದಿಸುವುದಿಲ್ಲ, ತುಟಿಯ ಮೇಲಿನ ಕೂದಲು ತೆಗೆಸುವುದಿಲ್ಲ ಎಂದೇ ಅರ್ಥ. ಗಂಡಸಿನ ಗಡ್ಡವನ್ನು ಧರ್ಮ ಎಂದಾದರೂ ನೋಡುತ್ತಾರೆ, ನನ್ನ ಮುಖದ ಕೂದಲನ್ನು ಅಶಿಸ್ತು ಎಂದು ನೋಡುತ್ತಾರೆ. ಒಬ್ಬರು ಟೀಮ್ ಲೀಡ್, ಒಳ್ಳೆಯ ಅಕ್ಕನ ಹಾಗೆ, ಪಾರ್ಲರ್‌ನ ಹೆಸರು ಬರೆದು ಕೈಗೆ ಕೊಟ್ಟರು. ಸರ್ದಾರ್ ಅವರೇ, ನಿಮ್ಮ ಕಾಫಿಯ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಕೆನಡಾ, ಅಮೆರಿಕ ಎಂದು ದೂರ ನೋಡುವುದು ಬೇಡ. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿಚಾರದಲ್ಲಿ ನಮ್ಮ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಾಗ ಬೆಂಗಳೂರಿನ ಒಂದು ಕಾಲೇಜು ಹದಿನೇಳು ವರ್ಷದ ಅಮೃತಧಾರಿ ಹುಡುಗಿಗೂ ದಸ್ತಾರ್ ತೆಗೆಯಲು ಕೇಳಿತ್ತು. ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲಿ ಕಿರ್ಪಾನ್ ಹೆಸರು ಹಿಡಿದೇ ಬರೆದಿದ್ದಾರೆ. ಮೋಟಾರು ವಾಹನ ಕಾಯ್ದೆಯಲ್ಲಿ ಪಗಡಿಗೆ ಹೆಲ್ಮೆಟ್ ವಿನಾಯಿತಿ ಇದೆ. ಅಷ್ಟಿದ್ದೂ ಒಂದು ಮಗು ತರಗತಿಯ ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕಾಯಿತು. ಆ ದಿನಗಳಲ್ಲಿ ಹಿಜಾಬ್ ತೊಟ್ಟು ಗೇಟಿನ ಹೊರಗೆ ನಿಂತ ಹುಡುಗಿಯರನ್ನೂ ನಾನು ನನ್ನ ತಂಗಿಯರೆಂದೇ ನೋಡಿದೆ. ನನಗೆ ಕಾನೂನಿನ ಒಂದು ಸಾಲು ಆಸರೆಗಿದೆ, ಅವರಿಗಿಲ್ಲ ಎಂದು ನಾನು ಸಮಾಧಾನಪಟ್ಟುಕೊಳ್ಳಲಾರೆ.

ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಒಂದೇ: ಮೊದಲ ದಿನವೇ ಹೇಳಿಬಿಡುವುದು. ನಿತ್‌ನೇಮ್ (ದಿನನಿತ್ಯದ ಪ್ರಾರ್ಥನೆ) ಇದೆ, ಬೆಳಿಗ್ಗೆ ಇಷ್ಟು ಹೊತ್ತಿಗಿಂತ ಮೊದಲು ಮೀಟಿಂಗ್ ಬೇಡ. ಕಿರ್ಪಾನ್ ಬಟ್ಟೆಯ ಒಳಗಿರುತ್ತದೆ, ಸೆಕ್ಯುರಿಟಿಯವರಿಗೆ ಮೊದಲೇ ತಿಳಿಸಿ. ತಡವಾಗಿ ಹೇಳಿದರೆ ಅದೇನೋ ಹೊಸ ಬೇಡಿಕೆ ಎನಿಸುತ್ತದೆ.

ಮಲೆನಾಡು ಮೇಷ್ಟ್ರು

ಕೌರ್ ಅವರೇ, ಸಿಂಗ್ ಅವರೇ, ಓದಿದೆ. ಕಾರ್ಖಾನೆಯ ಜಾಗದಲ್ಲಿ ಪ್ರಾಣದ ಪ್ರಶ್ನೆ ಬಂದರೆ ನಿಯಮವೇ ದೊಡ್ಡದು ಎಂಬ ನನ್ನ ಅಭಿಪ್ರಾಯ ಹಾಗೇ ಇದೆ. ಆದರೆ ಗ್ರಾಹಕರ ಮುಂದೆ ಗಡ್ಡ ಚಿಕ್ಕದಿರಲಿ ಎಂಬುದರಲ್ಲಿ ಪ್ರಾಣದ ಪ್ರಶ್ನೆ ಏನೂ ಇಲ್ಲ. ಅದನ್ನು ಒಪ್ಪಬೇಕಿಲ್ಲ.

ಹಲಸೂರು ಸರ್ದಾರ

ಎಲ್ಲರಿಗೂ ಮನಸಾರೆ ಧನ್ಯವಾದ. ಇವತ್ತು ಎರಡು ಪತ್ರ ಬರೆದೆ.

ಒಂದು ಸುರಕ್ಷತಾ ವಿಭಾಗಕ್ಕೆ. ಆ ಘಟಕದಲ್ಲಿ ಯಾವ ಯಾವ ಕೆಲಸಕ್ಕೆ ಬಿಗಿ ಮಾಸ್ಕ್ ಬೇಕು, ಯಾವುದಕ್ಕೆ ಹುಡ್ ಸಾಕು ಎಂದು ಪಟ್ಟಿ ಕೊಡಿ ಎಂದು ಕೇಳಿದ್ದೇನೆ. ರಕ್ಷಣಾ ತಂಡದಲ್ಲಿ ನಾನಿರಲು ಆಗುವುದಿಲ್ಲ, ಬದಲಿಗೆ ಕಂಟ್ರೋಲ್ ರೂಮಿನ ತುರ್ತು ಪಾಳಿಯನ್ನು ಹೆಚ್ಚಿಗೆ ಮಾಡುತ್ತೇನೆ ಎಂದೂ ಬರೆದಿದ್ದೇನೆ, ನನ್ನ ಹೊರೆ ಇನ್ನೊಬ್ಬರ ಮೇಲೆ ಬೀಳಬಾರದು.

ಎರಡನೆಯದು ಮ್ಯಾನೇಜರ್‌ಗೆ. ದೂರಿನ ಹಾಗೆ ಬರೆಯಲಿಲ್ಲ. ಗ್ರಾಹಕರ ಮುಂದೆ ನಾನು ಈಗಿರುವ ಹಾಗೆಯೇ ಹೋಗುತ್ತೇನೆ, ಅದರಿಂದ ಹುದ್ದೆಗೆ ತೊಂದರೆ ಇದ್ದರೆ ದಯವಿಟ್ಟು ಬರಹದಲ್ಲಿ ತಿಳಿಸಿ ಎಂದಿದ್ದೇನೆ. ಬಡ್ತಿ ಬರದಿದ್ದರೆ ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕತ್ತರಿ ಮುಟ್ಟಿಸುವುದಿಲ್ಲ.

ಮಿಸಿಸಾಗಾ ಅಕ್ಕ, ಹುಡ್‌ಗಳಲ್ಲಿ ಪಗಡಿಯ ಮೇಲೆ ಕೂರುವಷ್ಟು ಅಗಲದ್ದು ಸಿಗುತ್ತದೆಯೇ? ನಾನು ಕಟ್ಟುವ ಬಟ್ಟೆ ಉದ್ದ, ಪಾಳಿಯಲ್ಲಿ ಬೇಕಾದರೆ ಪಟ್ಕಾ (ತಲೆಗೆ ಅಂಟಿ ಕೂರುವ ಚಿಕ್ಕ ಬಟ್ಟೆ) ಕಟ್ಟಬಲ್ಲೆ.

ಮಿಸಿಸಾಗಾ ಕನ್ನಡತಿ

ಭುಜದವರೆಗೆ ಇಳಿಬಿಡುವ ಸಡಿಲ ಹುಡ್ ಕೇಳಿ, ಗಟ್ಟಿ ಟೊಪ್ಪಿಗೆಯದು ಬೇಡ. ಒಳಗೆ ಪಟ್ಕಾ ಅಥವಾ ಸಣ್ಣ ಪಗಡಿ ಇದ್ದರೆ ಆರಾಮ. ಖರೀದಿಸುವ ಮೊದಲು ನೀವೇ ಹಾಕಿ ನೋಡಿ, ತಲೆ ತಿರುಗಿಸಿ, ಬಗ್ಗಿ, ಏಣಿ ಹತ್ತಿ ನೋಡಿ. ಸುರಕ್ಷತಾ ವಿಭಾಗದವರು ಪಕ್ಕದಲ್ಲಿರಲಿ, ಅವರೇ ಸಹಿ ಮಾಡಬೇಕಾದವರು. ಪತ್ರಗಳ ಒಂದು ಪ್ರತಿ ಮನೆಯ ಈಮೇಲ್‌ನಲ್ಲೂ ಇಟ್ಟುಕೊಳ್ಳಿ. ಉತ್ತರ ಬಂದ ಮೇಲೆ ಇಲ್ಲೇ ಬರೆಯಿರಿ, ಮುಂದಿನದನ್ನು ಕೂತು ನೋಡೋಣ.